ಹಿಮವಾಹನಕ್ಕೆ ಇಂಧನ ನಿಯಂತ್ರಕ: ಜೋಡಣೆಯ ತಂತ್ರ, ವ್ಯಾಪಾರದ ಲೆಕ್ಕ

ಕಾರ್ಖಾನೆಯಿಂದ ಹೊರಬಂದ ವಾಹನಕ್ಕೆ ಬೇರೊಬ್ಬರು ತಯಾರಿಸಿದ ಬಿಡಿಭಾಗಗಳನ್ನು ಅಳವಡಿಸಿ ಅದರ ಸಾಮರ್ಥ್ಯವನ್ನು ಹೆಚ್ಚಿಸುವ ವ್ಯವಹಾರಕ್ಕೆ ಅಮೆರಿಕದಲ್ಲಿ 'ಆಫ್ಟರ್‌ಮಾರ್ಕೆಟ್' ಎಂದು ಹೆಸರು. ದೊಡ್ಡ ಕಂಪನಿಗಳಿಗೆ ಲಾಭದಾಯಕವಲ್ಲದ, ಆದರೆ ಹತ್ತಿಪ್ಪತ್ತು ಜನರ ಕಾರ್ಯಾಗಾರವೊಂದನ್ನು ನಡೆಸಲು ಸಾಕಾಗುವ ಸಣ್ಣ ಸಣ್ಣ ಬೇಡಿಕೆಗಳೇ ಈ ವ್ಯವಹಾರದ ಜೀವಾಳ. ಅಂತಹ ಬೇಡಿಕೆಗಳಲ್ಲಿಯೂ ಅತ್ಯಂತ ಕಿರಿದಾದದ್ದು ಟರ್ಬೊಚಾರ್ಜರ್ ಅಳವಡಿಸಿದ ಸ್ನೋಮೊಬೈಲ್‌ಗಳಿಗೆ, ಅಂದರೆ ಹಿಮವಾಹನಗಳಿಗೆ, ಬೇಕಾಗುವ ಇಂಧನ ನಿಯಂತ್ರಕದ ಬೇಡಿಕೆ. ಹಿಮವೇ ಬೀಳದ ಕರ್ನಾಟಕದ ಉದ್ಯಮಿಗೆ ಇದರಿಂದೇನು ಎಂಬ ಪ್ರಶ್ನೆ ಸಹಜ. ಈ ಸಾಧನವನ್ನು ಬಿಚ್ಚಿ ನೋಡಿದರೆ ಒಳಗೆ ಇರುವುದು ಒಂದು ಸರ್ಕಿಟ್ ಬೋರ್ಡು, ಒಂದು ಒತ್ತಡದ ಸೆನ್ಸರ್, ರಾಳ ತುಂಬಿದ ಒಂದು ಕಿರುಪೆಟ್ಟಿಗೆ, ಒಂದು ವೈರಿಂಗ್ ಹಾರ್ನೆಸ್ ಮತ್ತು ಗೇಣುದ್ದದ ರಬ್ಬರ್ ಕೊಳವೆ. ಇವುಗಳಲ್ಲಿ ಪೀಣ್ಯದಲ್ಲಿ ತಯಾರಿಸಲಾಗದಂತಹುದು ಯಾವುದೂ ಇಲ್ಲ. ಇದೇ ಜಾತಿಯ ಸಾಧನವನ್ನು ಮೋಟಾರ್ ಸೈಕಲ್‌ಗಳಿಗಾಗಿ ತಯಾರಿಸಿ 'ಪವರ್‌ಟ್ರಾನಿಕ್' ಎಂಬ ಹೆಸರಿನಲ್ಲಿ ಮಾರುವ ರೇಸ್ ಡೈನಮಿಕ್ಸ್ ಸಂಸ್ಥೆಯೂ ಬೆಂಗಳೂರಿನದೇ.

ವಾಹನ ಮತ್ತು ಅದರ ತಯಾರಕರು

ಹಿಮವಾಹನದ ಉದ್ಯಮ ಹುಟ್ಟಿದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ಟ್ ಎಂಬ ಸಣ್ಣ ಊರಿನ ಗ್ಯಾರೇಜಿನಲ್ಲಿ. ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಎಂಬ ಮೆಕ್ಯಾನಿಕ್ 1934ರ ಚಳಿಗಾಲದಲ್ಲಿ, ಹಿಮದಿಂದ ರಸ್ತೆ ಮುಚ್ಚಿದ್ದರಿಂದ ಆಸ್ಪತ್ರೆಗೆ ಸೇರಿಸಲಾಗದೆ ತನ್ನ ಎರಡು ವರ್ಷದ ಮಗನನ್ನು ಕಳೆದುಕೊಂಡನು. 1942ರಲ್ಲಿ ಆತ ಕಂಪನಿ ಕಟ್ಟಿದನು. 1959ರಲ್ಲಿ ಒಬ್ಬಿಬ್ಬರು ಕುಳಿತು ಓಡಿಸುವ 'ಸ್ಕೀ-ಡೂ' ಮಾರುಕಟ್ಟೆಗೆ ಬಂದಿತು. ಅಷ್ಟರಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ರೋಸೋ ಎಂಬಲ್ಲಿ 1954ರಲ್ಲಿ ಪೊಲಾರಿಸ್ ಸ್ಥಾಪನೆಯಾಗಿತ್ತು. ಅದೇ ರಾಜ್ಯದ ಥೀಫ್ ರಿವರ್ ಫಾಲ್ಸ್‌ನಲ್ಲಿ ಆರ್ಕ್ಟಿಕ್ ಕ್ಯಾಟ್ ಬೆಳೆಯಿತು. ಜಪಾನಿನ ಯಮಾಹಾ 1968ರಲ್ಲಿ ಕಣಕ್ಕಿಳಿಯಿತು. 1970ರ ದಶಕದ ಆರಂಭದಲ್ಲಿ ನೂರಕ್ಕೂ ಹೆಚ್ಚು ತಯಾರಕರಿದ್ದ ಈ ಉದ್ಯಮ ಕೊನೆಗೆ ಈ ನಾಲ್ವರ ಕೈಯಲ್ಲಿ ಉಳಿಯಿತು. ಅವರಲ್ಲಿಯೂ ಒಬ್ಬರು ಹೊರನಡೆದ ಸಂಗತಿಯನ್ನು ಮುಂದೆ ನೋಡೋಣ.

ಮುಂದೆ ಎರಡು ಸ್ಕೀ, ಹಿಂದೆ ರಬ್ಬರಿನ ಪಟ್ಟೆ, ನಡುವೆ ಮೋಟಾರ್ ಸೈಕಲ್ ಮಾದರಿಯ ಎಂಜಿನ್, ಗೇರ್‌ಪೆಟ್ಟಿಗೆಯ ಬದಲು ನಮ್ಮ ಸ್ಕೂಟರ್‌ಗಳಲ್ಲಿರುವಂತೆ ಬೆಲ್ಟಿನ ಮೇಲೆ ಓಡುವ ಸಿವಿಟಿ. ವಾಹನದ ಸ್ವರೂಪ ಇಷ್ಟೇ. ಭಾರತದಲ್ಲಿ ಗುಲ್ಮಾರ್ಗ್‌ಗೆ ಹೋದ ಪ್ರವಾಸಿಗರು ಇದನ್ನು ಹತ್ತಿರುತ್ತಾರೆ. ಸಿಯಾಚಿನ್‌ನಲ್ಲಿ ನಮ್ಮ ಸೈನಿಕರು ಬಳಸುವ ಸ್ನೋ ಸ್ಕೂಟರ್ ಕೂಡ ಇದೇ.

ಗಾಳಿಯ ಬಡತನ

ಅಮೆರಿಕದ ಹಿಮವಾಹನ ಪ್ರಿಯರು ಮೊಂಟಾನಾ, ವಯೋಮಿಂಗ್, ಐಡಾಹೊ, ಯೂಟಾ ರಾಜ್ಯಗಳ ಪರ್ವತಗಳಿಗೆ ಹೋಗುತ್ತಾರೆ. ವೆಸ್ಟ್ ಯೆಲ್ಲೋಸ್ಟೋನ್ ಪಟ್ಟಣವೇ ಸಮುದ್ರಮಟ್ಟದಿಂದ 2,000 ಮೀಟರ್ ಎತ್ತರದಲ್ಲಿದೆ; ವಯೋಮಿಂಗ್‌ನ ಟೋಗೊಟಿ ಕಣಿವೆದಾರಿ ಸುಮಾರು 2,900 ಮೀಟರ್. ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್ ಇರುವ ವಾಯುಒತ್ತಡ 3,000 ಮೀಟರ್ ಎತ್ತರದಲ್ಲಿ 70ಕ್ಕೆ ಇಳಿಯುತ್ತದೆ. ಎಂಜಿನ್ನಿನ ಶಕ್ತಿಯೂ ಸುಮಾರಾಗಿ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಕೆಳಗೆ 150 ಅಶ್ವಶಕ್ತಿ ಕೊಡುವ ಯಂತ್ರ ಮೇಲೆ 105ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹೊಸದಾಗಿ ಬಿದ್ದ ಸೊಂಟದೆತ್ತರದ ಹಿಮದಲ್ಲಿ ಕಡಿದಾದ ಇಳಿಜಾರನ್ನು ಏರಬೇಕಾದಾಗಲೇ ಹೀಗೆ ಕೈಕೊಟ್ಟರೆ, ಸವಾರ ವಾಹನದೊಂದಿಗೆ ಅಲ್ಲಿಯೇ ಹೂತುಹೋಗುತ್ತಾನೆ. ಟರ್ಬೊಚಾರ್ಜರ್ ಈ ಕೊರತೆಯನ್ನು ತುಂಬಿಕೊಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಟರ್ಬೊ ಮಾಪಕ ತೋರಿಸುವುದು ಸುತ್ತಣ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. 3,000 ಮೀಟರ್ ಎತ್ತರದಲ್ಲಿ ಮಾಪಕ ಅರ್ಧ ಬಾರ್, ಅಂದರೆ 50 ಕಿಲೋಪಾಸ್ಕಲ್, ತೋರಿಸಿದರೆ ಒಳಹೋಗುವ ಗಾಳಿಯ ನಿಜವಾದ ಒತ್ತಡ 120 ಕಿಲೋಪಾಸ್ಕಲ್. ಅದರಲ್ಲಿ ಮೊದಲ 30 ಹೋದದ್ದು ಕಳೆದುಕೊಂಡದ್ದನ್ನು ತುಂಬಲು. ನಿಜವಾದ ಗಳಿಕೆ ಉಳಿದ 20. ಬಂಡವಾಳದ ನಷ್ಟ ತುಂಬಿದ ನಂತರವೇ ಲಾಭದ ಲೆಕ್ಕ ಎಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲದೆ 70ರಿಂದ 120ಕ್ಕೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಸಂಕೋಚಕದ ದಕ್ಷತೆ ಶೇ. 65 ಎಂದಿಟ್ಟುಕೊಂಡರೆ, ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದ ಗಾಳಿಯ ಉಷ್ಣತೆ 60 ಡಿಗ್ರಿಗೂ ಹೆಚ್ಚು ಏರುತ್ತದೆ. ಆದ್ದರಿಂದಲೇ ಹಿಮದ ನಡುವೆಯೂ ಇಂಟರ್‌ಕೂಲರ್ ಬೇಕಾಗುತ್ತದೆ.

ಗಣಕಕ್ಕೆ ಕಾಣದ ಒತ್ತಡ

ಗಾಳಿ ಹೆಚ್ಚಿದರೆ ಇಂಧನವೂ ಹೆಚ್ಚಬೇಕು. ಪೆಟ್ರೋಲ್ ಸಂಪೂರ್ಣವಾಗಿ ದಹಿಸಲು ಒಂದು ಪಾಲು ಇಂಧನಕ್ಕೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಪೂರ್ಣ ಶಕ್ತಿ ತೆಗೆಯುವಾಗ ಸಾಧಾರಣ ಎಂಜಿನ್‌ಗಳಲ್ಲಿ ಈ ಅನುಪಾತವನ್ನು 13ರ ಸಮೀಪಕ್ಕೆ ತರುತ್ತಾರೆ. ಟರ್ಬೊ ಇದ್ದಲ್ಲಿ 11.5ರಿಂದ 12ರವರೆಗೆ ಇಳಿಸುವುದು ವಾಡಿಕೆ. ಹೆಚ್ಚುವರಿ ಇಂಧನ ಆವಿಯಾಗುತ್ತಾ ದಹನಕೋಶವನ್ನು ತಂಪಾಗಿಡುತ್ತದೆ. ಮಿಶ್ರಣ ತೆಳುವಾದರೆ ಉಷ್ಣತೆ ಏರಿ, ನಾಕಿಂಗ್ ಆರಂಭವಾಗಿ, ಕೆಲವೇ ಸೆಕೆಂಡುಗಳಲ್ಲಿ ಅಲ್ಯೂಮಿನಿಯಂ ಪಿಸ್ಟನ್ನಿನ ತಲೆ ಕರಗಿ ತೂತು ಬೀಳುತ್ತದೆ. ಕೆಲವು ನೂರು ಡಾಲರು ಬೆಲೆಯ ನಿಯಂತ್ರಕ ಸರಿಯಾಗಿ ಕೆಲಸ ಮಾಡದಿದ್ದರೆ ಹಲವು ಸಾವಿರ ಡಾಲರು ಬೆಲೆಯ ಎಂಜಿನ್ ಹೋಗುತ್ತದೆ. ಅದು ಹೋಗುವುದೂ ಊರಿನಿಂದ ಹತ್ತಾರು ಕಿಲೋಮೀಟರ್ ದೂರದ, ಹಿಮಪಾತದ ಭಯವಿರುವ ಕಣಿವೆಯಲ್ಲಿ.

ಕಾರ್ಖಾನೆಯವರು ಇಟ್ಟ ಗಣಕ, ಅಂದರೆ ಇಸಿಯು, ಈ ಕೆಲಸವನ್ನು ತಾನೇ ಏಕೆ ಮಾಡುವುದಿಲ್ಲ? ಅದಕ್ಕೆ ಕಾಣುವುದಿಲ್ಲ ಎಂಬುದೇ ಉತ್ತರ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಒಳಗಾಳಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗುವಂತೆಯೇ ಇಲ್ಲ. ಆದ್ದರಿಂದ ಅಲ್ಲಿನ ಸೆನ್ಸರ್ ಒಂದು ಬಾರ್‌ಗಿಂತ ಸ್ವಲ್ಪ ಮೇಲಿನವರೆಗೆ ಮಾತ್ರ ಅಳೆಯುತ್ತದೆ. ಮೇಲಿನ ಉದಾಹರಣೆಯಲ್ಲಿ 70ರಿಂದ 100ರವರೆಗಿನ ಏರಿಕೆಯನ್ನು ಗಣಕ ನೋಡುತ್ತದೆ. ಅದರಾಚೆಗಿನ 20 ಅದರ ಪಾಲಿಗೆ ಇಲ್ಲವೇ ಇಲ್ಲ. ಇನ್ನು ಕೆಲವು ಗಣಕಗಳು ಮಿತಿ ಮೀರಿದ ಒತ್ತಡ ಕಂಡೊಡನೆ ಸೆನ್ಸರ್ ಕೆಟ್ಟಿದೆಯೆಂದು ಭಾವಿಸಿ ಎಂಜಿನ್ನಿನ ವೇಗವನ್ನೇ ತಗ್ಗಿಸಿಬಿಡುತ್ತವೆ. ಹಲವು ಹಿಮವಾಹನಗಳಲ್ಲಿ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರ್ ಕೂಡ ಇರುವುದಿಲ್ಲ. ತಾನು ಕೊಟ್ಟ ಇಂಧನ ಸಾಕಾಯಿತೇ ಎಂದು ತಿಳಿಯುವ ಮಾರ್ಗವೇ ಗಣಕಕ್ಕಿಲ್ಲ.

ಈ ಕುರುಡುತನಕ್ಕೆ ಪೇಟೆಯಲ್ಲಿ ಹಲವು ಬಗೆಯ ಮದ್ದುಗಳುಂಟು. ಗಣಕ ಮತ್ತು ಇಂಜೆಕ್ಟರ್‌ಗಳ ನಡುವೆ ಕುಳಿತು, ಗಣಕ ಕಳಿಸುವ ವಿದ್ಯುತ್ ಪಲ್ಸನ್ನು ಹಿಡಿದು, ಅಗತ್ಯವಿದ್ದಷ್ಟು ಹಿಗ್ಗಿಸಿ ಮುಂದೆ ಕಳಿಸುವ ಪೂರಕ ನಿಯಂತ್ರಕ ಇವುಗಳಲ್ಲಿ ಹೆಚ್ಚು ಜನಪ್ರಿಯ. ಇದಕ್ಕೆ 'ಪಿಗ್ಗಿಬ್ಯಾಕ್' ಎನ್ನುತ್ತಾರೆ. ಹಳೆಯ ಗುಮಾಸ್ತನನ್ನು ತೆಗೆಯದೆ ಅವನ ಪಕ್ಕದಲ್ಲಿ ತಿದ್ದುವವನೊಬ್ಬನನ್ನು ಕೂರಿಸಿದಂತೆ. ಮೊಂಟಾನಾದಲ್ಲಿ ಹುಟ್ಟಿದ ಡೈನೋಜೆಟ್ ಸಂಸ್ಥೆಯ 'ಪವರ್ ಕಮಾಂಡರ್', ಪರ್ವತ ಸವಾರರಲ್ಲಿ ಹೆಸರಾದ 'ಬೂನ್‌ಡಾಕರ್' ಇವೆಲ್ಲ ಈ ವರ್ಗದವು. ಗಣಕವನ್ನೇ ಬದಲಿಸುವುದು ಇನ್ನೊಂದು ದಾರಿ. ಗಣಕದೊಳಗಿನ ಕೋಷ್ಟಕಗಳನ್ನೇ ತಿದ್ದಿ ಬರೆಯುವ 'ರೀಫ್ಲಾಶ್' ಮೂರನೆಯದು. ಇತ್ತೀಚಿನ ವರ್ಷಗಳಲ್ಲಿ ಪ್ರಬಲವಾಗುತ್ತಿರುವುದು ಇದೇ. ಆದರೆ ಇದರಲ್ಲಿ ಮಾರಾಟವಾಗುವುದು ಬುದ್ಧಿ ಮಾತ್ರ, ವಸ್ತುವಲ್ಲ. ಬಿಡಿಭಾಗ ತಯಾರಿಸಿ ಬದುಕುವವರಿಗೆ ಇದು ಶುಭಸುದ್ದಿಯಲ್ಲ.

ಪೂರಕ ನಿಯಂತ್ರಕದ ಮಿತಿಯನ್ನೂ ಹೇಳಬೇಕು. ಸ್ಕೀ-ಡೂನ ಇ-ಟೆಕ್ ಎಂಜಿನ್‌ಗಳಲ್ಲಿ ಇಂಧನ ನೇರವಾಗಿ ದಹನಕೋಶದೊಳಗೇ ಸಿಂಪಡಣೆಯಾಗುತ್ತದೆ. ಅದಕ್ಕೆ ಸಿಗುವ ಕಾಲಾವಕಾಶ ಬಹಳ ಕಡಿಮೆ, ವಿದ್ಯುತ್ ವ್ಯವಸ್ಥೆಯೂ ಬೇರೆ. ಅಲ್ಲಿ ಪಲ್ಸ್ ಹಿಗ್ಗಿಸುವ ಉಪಾಯ ನಡೆಯದು. ಅಂತಹ ಕಡೆ ಗಾಳಿಯ ಹಾದಿಯಲ್ಲಿ ಹೆಚ್ಚುವರಿ ಇಂಜೆಕ್ಟರ್‌ಗಳನ್ನು ಕೂರಿಸಿ, ಅವನ್ನು ಮಾತ್ರ ಪ್ರತ್ಯೇಕ ನಿಯಂತ್ರಕದಿಂದ ನಡೆಸುತ್ತಾರೆ.

ಪೆಟ್ಟಿಗೆ ಕೊಳ್ಳುವ ಮೊದಲು

ನಿಯಂತ್ರಕ ಕೊಂಡ ಮಾತ್ರಕ್ಕೆ ಇಂಧನ ಹೆಚ್ಚುವುದಿಲ್ಲ. ಇಂಜೆಕ್ಟರ್ ಮತ್ತು ಪಂಪ್ ಅದನ್ನು ಕೊಡಲು ಸಮರ್ಥವಾಗಿರಬೇಕು. ಯಮಾಹಾ 2006ರ ಮಾದರಿಯಾಗಿ ತಂದ 'ಅಪೆಕ್ಸ್' ವಾಹನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 998 ಸಿಸಿ, ನಾಲ್ಕು ಸಿಲಿಂಡರ್, ನಾಲ್ಕು ಇಂಜೆಕ್ಟರ್, ಸುಮಾರು 150 ಅಶ್ವಶಕ್ತಿ. ಟರ್ಬೊ ಹಾಕಿ ಇದರಿಂದ 200 ಅಶ್ವಶಕ್ತಿ ತೆಗೆಯಬೇಕೆಂದುಕೊಳ್ಳೋಣ. ಟರ್ಬೊ ಎಂಜಿನ್ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 0.27 ಕಿಲೋ ಪೆಟ್ರೋಲ್ ಬೇಡುತ್ತದೆ. ಅಂದರೆ ಪೂರ್ಣ ಶಕ್ತಿಯಲ್ಲಿ ಗಂಟೆಗೆ 54 ಕಿಲೋ, ಸುಮಾರು 73 ಲೀಟರ್. ನಾಲ್ಕು ಇಂಜೆಕ್ಟರ್‌ಗಳಿಗೆ ಹಂಚಿದರೆ ಪ್ರತಿಯೊಂದಕ್ಕೂ ನಿಮಿಷಕ್ಕೆ ಸುಮಾರು 304 ಸಿಸಿ. ಇಂಜೆಕ್ಟರನ್ನು ಪೂರ್ತಿ ಹೊತ್ತು ತೆರೆದಿಡಲಾಗದು, ಶೇ. 80ಕ್ಕೆ ಮಿತಿ ಇಡುವುದು ಜಾಣತನ. ಹಾಗಾದರೆ ನಿಮಿಷಕ್ಕೆ 380 ಸಿಸಿ ಸಾಮರ್ಥ್ಯದ ಇಂಜೆಕ್ಟರ್ ಬೇಕು.

ಕಾಲದ ಲೆಕ್ಕವೂ ಇದರೊಂದಿಗೆ ಸೇರಿದೆ. ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಒಂದು ಆವರ್ತಕ್ಕೆ ಸಿಗುವುದು 12 ಮಿಲಿಸೆಕೆಂಡ್. ಅದರ ಶೇ. 80 ಎಂದರೆ 9.6 ಮಿಲಿಸೆಕೆಂಡ್. ನಿಯಂತ್ರಕ ಅದಕ್ಕಿಂತ ಹಿಗ್ಗಿಸಲು ಹೋದರೆ ಒಂದು ಪಲ್ಸ್ ಇನ್ನೊಂದಕ್ಕೆ ತಾಗಿ, ಇಂಜೆಕ್ಟರ್ ಮುಚ್ಚುವುದೇ ನಿಂತು, ಹೆಚ್ಚಿಸಲು ಏನೂ ಉಳಿಯುವುದಿಲ್ಲ. ಪರದೆಯ ಮೇಲೆ ಶೇ. 20 ಏರಿಕೆ ಎಂದು ಕಾಣುತ್ತದೆ. ಎಂಜಿನ್ನಿಗೆ ತಲುಪಿದ್ದು ಸೊನ್ನೆ.

ಇಂಧನದ ಒತ್ತಡವನ್ನು ಮರೆಯುವವರೇ ಹೆಚ್ಚು. ಇಂಜೆಕ್ಟರ್‌ಗೆ ಸಾಮಾನ್ಯವಾಗಿ 3 ಬಾರ್ ಆಸುಪಾಸಿನ ಒತ್ತಡದಲ್ಲಿ ಪೆಟ್ರೋಲ್ ಬರುತ್ತದೆ. ಟರ್ಬೊ 0.7 ಬಾರ್ ಒತ್ತಡದಿಂದ ಎದುರು ತಳ್ಳಿದರೆ ಉಳಿಯುವುದು 2.3 ಬಾರ್ ಮಾತ್ರ. ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುವುದರಿಂದ, ಹೆಚ್ಚು ಇಂಧನ ಬೇಕಾದ ಗಳಿಗೆಯಲ್ಲಿಯೇ ಶೇ. 12ರಷ್ಟು ಕಡಿಮೆ ಸಿಗುತ್ತದೆ. ಟರ್ಬೊ ಒತ್ತಡ ಏರಿದಷ್ಟೂ ತಾನೂ ಏರುವ ರೆಗ್ಯುಲೇಟರ್ ಇಲ್ಲದೆ ನಿಯಂತ್ರಕ ಹಾಕುವುದು, ತಳ ಸೋರುವ ಕೊಡಕ್ಕೆ ದೊಡ್ಡ ನಲ್ಲಿ ತಿರುಗಿಸಿದಂತೆ. ದೊಡ್ಡ ಇಂಜೆಕ್ಟರ್ ಕೊಳ್ಳುವಾಗ ಅದರ ವಿದ್ಯುತ್ ರೋಧವನ್ನೂ ನೋಡಬೇಕು: 12ರಿಂದ 16 ಓಮ್ ರೋಧದ ಇಂಜೆಕ್ಟರ್‌ಗೆಂದು ಮಾಡಿದ ಗಣಕಕ್ಕೆ 2-3 ಓಮ್‌ನದನ್ನು ಕಟ್ಟಿದರೆ ಗಣಕದ ಒಳಗಿನ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ.

ಜೋಡಣೆ

ನುರಿತ ಕಾರ್ಯಾಗಾರಗಳಲ್ಲಿ ಕೆಲಸ ಆರಂಭವಾಗುವುದು ನಿಯಂತ್ರಕದಿಂದಲ್ಲ, ಎಂಜಿನ್ನಿನ ಆರೋಗ್ಯ ತಪಾಸಣೆಯಿಂದ. ಪ್ರತಿ ಸಿಲಿಂಡರಿನ ಸಂಕೋಚನ ಅಳೆದು ಬರೆದಿಡುತ್ತಾರೆ. ಇಂಧನ ಶೋಧಕ ಬದಲಿಸಿ, ಪಂಪಿನ ಒತ್ತಡ ನೋಡುತ್ತಾರೆ. ಸ್ಪಾರ್ಕ್ ಪ್ಲಗ್‌ಗಳನ್ನು ಒಂದು ಹಂತ ತಂಪಿನವಕ್ಕೆ ಬದಲಾಯಿಸಿ, ಕಿಡಿಯ ಅಂತರ ಸ್ವಲ್ಪ ಕಿರಿದು ಮಾಡುತ್ತಾರೆ. ಮೊದಲೇ ಸವೆದ ಎಂಜಿನ್ನಿಗೆ ಟರ್ಬೊ ಹಾಕಿ, ಅದು ಒಡೆದಾಗ ನಿಯಂತ್ರಕದ ತಯಾರಕನನ್ನು ದೂರುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಆ ಬರಹದ ದಾಖಲೆ ಇಬ್ಬರಿಗೂ ರಕ್ಷಣೆ.

ಬ್ಯಾಟರಿಯ ಋಣತಂತಿ ಕಳಚಿದ ಮೇಲೆ ಪೆಟ್ಟಿಗೆಗೆ ಜಾಗ ಹುಡುಕಬೇಕು. ಹಿಮವಾಹನದ ಮುಚ್ಚಳದ ಕೆಳಗೆ ಒಂದು ಕಡೆ ಕೆಂಪಗೆ ಕಾಯುವ ಟರ್ಬೊ, ಇನ್ನೊಂದು ಕಡೆ ರಬ್ಬರ್ ಪುಡಿ ಉದುರಿಸುತ್ತಾ ತಿರುಗುವ ಕ್ಲಚ್, ಎಲ್ಲೆಡೆ ನುಗ್ಗಿ ಕರಗಿ ಮತ್ತೆ ಹೆಪ್ಪುಗಟ್ಟುವ ಹಿಮದ ಪುಡಿ. ಈ ಮೂರರಿಂದಲೂ ದೂರವಿರುವ ಎತ್ತರದ ಜಾಗದಲ್ಲಿ, ಕಂಪನ ತಾಗದಂತೆ ರಬ್ಬರ್ ಅಥವಾ ವೆಲ್ಕ್ರೊ ಮೇಲೆ, ಕನೆಕ್ಟರ್‌ಗಳ ಬಾಯಿ ಕೆಳಮುಖವಾಗಿರುವಂತೆ ಪೆಟ್ಟಿಗೆಯನ್ನು ಕೂರಿಸುತ್ತಾರೆ. ತಂತಿಗಳು ಪೆಟ್ಟಿಗೆ ಸೇರುವ ಮೊದಲು ಒಮ್ಮೆ ಕೆಳಗಿಳಿದು ಮೇಲೇರಿದರೆ, ತಂತಿಯ ಮೇಲೆ ಹರಿದುಬರುವ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ.

ಹಾರ್ನೆಸ್‌ನ ಜೋಡಣೆ ತೋರಿಕೆಗೆ ಸುಲಭ. ಪ್ರತಿ ಇಂಜೆಕ್ಟರ್‌ನಿಂದ ಮೂಲ ಕನೆಕ್ಟರ್ ಕಳಚಿ, ನಡುವೆ ಹೊಸ ಹಾರ್ನೆಸ್‌ನ ಗಂಡು-ಹೆಣ್ಣು ಕನೆಕ್ಟರ್‌ಗಳನ್ನು ಸೇರಿಸುವುದು. ತಂತಿ ಕತ್ತರಿಸಬೇಕಿಲ್ಲ, ಬೇಡವೆಂದರೆ ಕಳಚಿ ಮೊದಲಿನಂತೆ ಮಾಡಬಹುದು ಎಂಬುದೇ ಈ ಬಗೆಯ ನಿಯಂತ್ರಕಗಳ ದೊಡ್ಡ ಮಾರಾಟ ಗುಣ. ಸಿಲಿಂಡರ್‌ಗಳ ಕ್ರಮ ತಪ್ಪಬಾರದು. ಪ್ರತಿ ಕನೆಕ್ಟರ್‌ಗೂ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಬೇಕು. ಭೂತಂತಿಯನ್ನು ಬಣ್ಣ ಬಳಿದ ಚೌಕಟ್ಟಿನ ಯಾವುದೋ ಬೋಲ್ಟಿಗೆ ಬಿಗಿಯದೆ ಬ್ಯಾಟರಿಯ ಋಣಧ್ರುವಕ್ಕೇ ಒಯ್ಯಬೇಕು. ಇಗ್ನಿಷನ್ ಕಾಯಿಲ್‌ಗಳ ಪಕ್ಕ ಹಾರ್ನೆಸ್ ಹಾಯಿಸಿದರೆ ಕಿಡಿಯ ಗದ್ದಲ ಪಲ್ಸ್‌ಗಳೊಂದಿಗೆ ಬೆರೆತು, ಕಾರಣ ತಿಳಿಯದ ಮುಗ್ಗರಿಕೆ ಕಾಣಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಎಲ್ಲಕ್ಕಿಂತ ಅಗ್ಗದ ಭಾಗ: ಒತ್ತಡದ ಕೊಳವೆ. ಥ್ರಾಟಲ್ ಸಮೀಪದ ಗಾಳಿಪೆಟ್ಟಿಗೆಯಿಂದ ನಿಯಂತ್ರಕದ ಒಳಗಿನ ಸೆನ್ಸರ್‌ಗೆ ಟರ್ಬೊ ಒತ್ತಡವನ್ನು ತಲುಪಿಸುವುದು ಈ ಸಣ್ಣ ರಬ್ಬರ್ ಕೊಳವೆ. ಬಿಸಿಗಾಳಿಯಲ್ಲಿನ ತೇವ ಇದರೊಳಗೆ ಹನಿಗಟ್ಟುತ್ತದೆ. ಕೊಳವೆ ಎಲ್ಲಿಯಾದರೂ ಜೋತುಬಿದ್ದಿದ್ದರೆ ಆ ತಗ್ಗಿನಲ್ಲಿ ನೀರು ನಿಂತು, ಊಟದ ಹೊತ್ತಿನಲ್ಲಿ ವಾಹನ ನಿಲ್ಲಿಸಿದಾಗ ಮಂಜುಗಡ್ಡೆಯಾಗುತ್ತದೆ. ಮತ್ತೆ ಹೊರಟಾಗ ಸೆನ್ಸರ್‌ಗೆ ಒತ್ತಡ ತಲುಪುವುದಿಲ್ಲ, ನಿಯಂತ್ರಕ ಇಂಧನ ಹೆಚ್ಚಿಸುವುದಿಲ್ಲ, ಟರ್ಬೊ ಮಾತ್ರ ಎಂದಿನಂತೆ ಗಾಳಿ ತುಂಬುತ್ತದೆ. ಪಿಸ್ಟನ್ ಕರಗಲು ಒಂದು ಏರು ಸಾಕು. ಕೊಳವೆ ಚಿಕ್ಕದಾಗಿರಬೇಕು, ಎಂಜಿನ್ನಿನ ಕಡೆಗೆ ಒಂದೇ ಸಮನೆ ಇಳಿಜಾರಾಗಿರಬೇಕು, ಬೇರೆ ಯಾವ ಸಾಧನದೊಂದಿಗೂ ಹಂಚಿಕೊಂಡಿರಬಾರದು, ಚಳಿಗೆ ಬಿರುಸಾಗದ ಸಿಲಿಕೋನಿನದಾಗಿರಬೇಕು. ತಯಾರಕರು ಕೈಪಿಡಿಯಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುವುದು ಸರಿಯಲ್ಲವೆಂದು ಈ ಲೇಖಕನ ಅಭಿಪ್ರಾಯ. ಒಂದು ಇಡೀ ಪುಟ, ಚಿತ್ರದ ಸಮೇತ, ಇದಕ್ಕೇ ಮೀಸಲಿಡಬೇಕು.

ಇದರೊಂದಿಗೆ ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ ಅಳವಡಿಸದೆ ಮುಂದುವರಿಯಬಾರದು. ಲ್ಯಾಂಬ್ಡಾ ಸೆನ್ಸರನ್ನು 1976ರಲ್ಲಿ ವೋಲ್ವೊ ಕಾರಿನಲ್ಲಿ ಮೊದಲು ಬಳಕೆಗೆ ತಂದದ್ದು ಜರ್ಮನಿಯ ಬಾಷ್. ಇಂದಿಗೂ ಹೆಚ್ಚಿನ ಮಾಪಕಗಳಲ್ಲಿ ಕಾಣುವುದು ಅದರ 'ಎಲ್‌ಎಸ್‌ಯು' ಸರಣಿಯ ಸೆನ್ಸರ್‌ಗಳೇ. ಟರ್ಬೊ ದಾಟಿದ ನಂತರದ ಹೊಗೆಕೊಳವೆಯಲ್ಲಿ ಇದಕ್ಕಾಗಿ ಒಂದು ಬುಷ್ ಬೆಸುಗೆ ಹಾಕಬೇಕು. ಟರ್ಬೊಗೆ ಮೊದಲೇ ಹಾಕಿದರೆ ಅಲ್ಲಿನ ಒತ್ತಡದಿಂದ ಅಳತೆ ತಪ್ಪುತ್ತದೆ. ಸೆನ್ಸರ್‌ನ ತಲೆ ಮೇಲಿರುವಂತೆ ಕನಿಷ್ಠ 10 ಡಿಗ್ರಿ ಓರೆಯಾಗಿ ಕೂರಿಸಬೇಕು. ಇಲ್ಲವಾದರೆ ಕೊಳವೆಯಲ್ಲಿ ಕಟ್ಟಿದ ನೀರಹನಿ ಕಾದ ಸೆರಾಮಿಕ್ ಮೇಲೆ ಬಿದ್ದು ಅದು ಸೀಳುತ್ತದೆ. ಸೀಸ ಬೆರೆತ ರೇಸ್ ಪೆಟ್ರೋಲ್ ಅಥವಾ ವಿಮಾನದ ಪೆಟ್ರೋಲ್ ಹಾಕುವವರು ಸೆನ್ಸರ್ ಬೇಗ ಸಾಯುವುದನ್ನು ಖರ್ಚಿನಲ್ಲಿ ಸೇರಿಸಿಕೊಳ್ಳಬೇಕು.

ಜೋಡಣೆ ಮುಗಿದೊಡನೆ ಗುಡ್ಡಕ್ಕೆ ಓಡುವಂತಿಲ್ಲ. ನಿಯಂತ್ರಕದ ಎಲ್ಲ ತಿದ್ದುಪಡಿಗಳನ್ನೂ ಸೊನ್ನೆಗಿಟ್ಟು ಎಂಜಿನ್ ಚಾಲೂ ಮಾಡಿ, ಮೊದಲಿನ ಹಾಗೆಯೇ ನಡೆಯುತ್ತಿದೆಯೇ ಎಂದು ನೋಡಬೇಕು. ವ್ಯತ್ಯಾಸ ಕಂಡರೆ ದೋಷ ತಂತಿಗಳಲ್ಲಿದೆ. ಬಳಿಕ ಕೊಳವೆಯನ್ನು ಬಿಡಿಸಿ, ಮಾಪಕವಿರುವ ಕೈಪಂಪಿನಿಂದ ಒತ್ತಡ ಕೊಟ್ಟು, ನಿಯಂತ್ರಕ ಅದೇ ಅಂಕಿ ತೋರಿಸುವುದೇ ಎಂದು ಪರೀಕ್ಷಿಸಬೇಕು. ಹತ್ತು ನಿಮಿಷದ ಕೆಲಸ.

ಶ್ರುತಿ ಕೂಡಿಸುವುದು

ನಿಯಂತ್ರಕದೊಡನೆ ತಯಾರಕರು ಒಂದು ಆರಂಭಿಕ ಕೋಷ್ಟಕ ಕೊಡುತ್ತಾರೆ: ಅಡ್ಡಸಾಲಿನಲ್ಲಿ ಎಂಜಿನ್ ವೇಗ, ಕಂಬಸಾಲಿನಲ್ಲಿ ಒತ್ತಡ, ಪ್ರತಿ ಮನೆಯಲ್ಲಿಯೂ ಸೇರಿಸಬೇಕಾದ ಇಂಧನದ ಶೇಕಡಾವಾರು. ಅದು ಉದ್ದೇಶಪೂರ್ವಕವಾಗಿ ಗಾಢ ಮಿಶ್ರಣದ ಕಡೆಗೆ ವಾಲಿರುತ್ತದೆ. ಸವಾರ ಪೂರ್ಣ ಥ್ರಾಟಲ್‌ನಲ್ಲಿ ಕೆಲವೇ ಸೆಕೆಂಡು ಓಡಿಸಿ, ಮಾಪಕ ನೋಡಿ, ಶೇ. 3ರಿಂದ 5ರಷ್ಟು ಮಾತ್ರ ತಗ್ಗಿಸುತ್ತಾ ಗುರಿಯ ಕಡೆಗೆ ಬರಬೇಕು. ಟರ್ಬೊ ಒತ್ತಡವನ್ನೂ ಕನಿಷ್ಠದಿಂದ ಹಂತಹಂತವಾಗಿ ಏರಿಸಬೇಕು. ಇಂಧನ ಮಾತ್ರ ತಿದ್ದುವ ನಿಯಂತ್ರಕ ಕಿಡಿಯ ಕಾಲವನ್ನು ಹಿಂದಕ್ಕೆ ತಳ್ಳಲಾರದು. ಒತ್ತಡ ಹೆಚ್ಚಿದಂತೆ ಕಿಡಿ ತಡವಾಗಬೇಕಾದ್ದರಿಂದ, ಅಂತಹ ನಿಯಂತ್ರಕವಿದ್ದಲ್ಲಿ ಒತ್ತಡಕ್ಕೆ ಮಿತಿ ಹಾಕಿಕೊಳ್ಳುವುದೊಂದೇ ದಾರಿ.

ಚಳಿಯೂ ಲೆಕ್ಕಕ್ಕೆ ಸೇರುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಗಾಳಿ 20 ಡಿಗ್ರಿ ಮೇಲಿನ ಗಾಳಿಗಿಂತ ಶೇ. 16ರಷ್ಟು ಸಾಂದ್ರ. ಮಾರ್ಚ್ ತಿಂಗಳ ಬೆಚ್ಚಗಿನ ಮಧ್ಯಾಹ್ನ ಅಳೆದು ತೂಗಿ ಮಾಡಿದ ಕೋಷ್ಟಕ ಮುಂದಿನ ಜನವರಿಯ ಬೆಳಗಿನಲ್ಲಿ ತೆಳುವಾಗಿಬಿಡಬಹುದು. ಇನ್ನು ಸಿವಿಟಿಯ ವಿಷಯ: ಶಕ್ತಿ ಹೆಚ್ಚಿದಾಗ ಎಂಜಿನ್ ಮಿತಿ ಮೀರಿ ತಿರುಗದಂತೆ ಕ್ಲಚ್ಚಿನ ತೂಕದ ಬಿಲ್ಲೆಗಳನ್ನು ಬದಲಿಸಬೇಕು. ನಮ್ಮಲ್ಲಿ ಸ್ಕೂಟರ್ ರಿಪೇರಿ ಮಾಡುವವರು ರೋಲರ್ ಬದಲಿಸುವುದೂ ಇದೇ ತತ್ತ್ವದ ಮೇಲೆ. ಕ್ಲಚ್ ಮುಟ್ಟದೆ ಇಂಧನವನ್ನಷ್ಟೇ ತಿದ್ದುತ್ತಾ ಕುಳಿತವರು ಇಡೀ ಋತು ಕಳೆದರೂ ದಡ ಸೇರುವುದಿಲ್ಲ.

ಕಾನೂನಿನ ಎರಡು ಮುಖ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಹಿಮವಾಹನಗಳ ಹೊಗೆಗೆ ಮಾನಕಗಳನ್ನು ಪ್ರಕಟಿಸಿತು. 2006ರ ಮಾದರಿಗಳಿಂದ ಅವು ಹಂತಹಂತವಾಗಿ ಜಾರಿಗೆ ಬಂದವು. ಪ್ರಮಾಣೀಕೃತ ಎಂಜಿನ್ನಿನ ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸುವುದನ್ನೂ, ಅದಕ್ಕೆಂದೇ ಬಿಡಿಭಾಗ ಮಾರುವುದನ್ನೂ ಅಲ್ಲಿನ ಶುದ್ಧಗಾಳಿ ಕಾಯಿದೆ ನಿಷೇಧಿಸುತ್ತದೆ. 2020ರಿಂದ 2023ರವರೆಗೆ ಆ ಸಂಸ್ಥೆ ಇಂತಹ ಬಿಡಿಭಾಗಗಳ ವಿರುದ್ಧ ರಾಷ್ಟ್ರವ್ಯಾಪಿ ವಿಶೇಷ ಅಭಿಯಾನವನ್ನೇ ನಡೆಸಿತು. ಕಾರು ಮತ್ತು ಲಾರಿಗಳ ನಿಯಂತ್ರಕಗಳನ್ನು ಮಾರುತ್ತಿದ್ದ ಅನೇಕರು ಆ ವರ್ಷಗಳಲ್ಲಿ ಭಾರಿ ದಂಡ ತೆತ್ತಿದ್ದಾರೆ. 'ಸ್ಪರ್ಧೆಗೆ ಮಾತ್ರ' ಎಂಬ ಚೀಟಿ ಅಂಟಿಸಿದರೆ ರಕ್ಷಣೆ ಸಿಗುತ್ತದೆಂದು ನಂಬಿ ರಫ್ತಿಗೆ ಇಳಿಯುವುದು ಬುದ್ಧಿವಂತಿಕೆಯಲ್ಲ. ಅಲ್ಲಿನ ವಕೀಲರ ಲಿಖಿತ ಅಭಿಪ್ರಾಯ ಪಡೆಯುವುದು ಮೊದಲ ಖರ್ಚಾಗಬೇಕು. ಗ್ರಾಹಕನ ಪರವಾಗಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯೂ ಅಲ್ಲಿದೆ. ಹೊರಗಿನ ಬಿಡಿಭಾಗ ಹಾಕಿದ್ದಾನೆಂಬ ಒಂದೇ ಕಾರಣಕ್ಕೆ ತಯಾರಕ ವಾರಂಟಿ ನಿರಾಕರಿಸುವಂತಿಲ್ಲ. ಆ ಬಿಡಿಭಾಗದಿಂದಲೇ ಹಾನಿಯಾಯಿತೆಂದು ತೋರಿಸಬೇಕು. ಟರ್ಬೊ ಹಾಕಿದ ಎಂಜಿನ್ನಿನ ಪಿಸ್ಟನ್ ಕರಗಿದ್ದರೆ ಅದನ್ನು ತೋರಿಸುವುದು ಕಷ್ಟವೇನಲ್ಲ.

ನಮ್ಮ ದೇಶದಲ್ಲಿ ನೋಂದಾಯಿತ ವಾಹನಗಳ ಮಟ್ಟಿಗೆ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಅಡ್ಡವಿದೆ. ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಕಿರಿದಾಗುತ್ತಿರುವ ಮಾರುಕಟ್ಟೆ

ಈ ಬಿಡಿಭಾಗದ ವ್ಯಾಪಾರ ಬೆಳೆದದ್ದು ಕಾರ್ಖಾನೆಯವರು ಕೊಡದಿದ್ದುದನ್ನು ಕೊಟ್ಟಿದ್ದರಿಂದ. ಆ ಸ್ಥಿತಿ ಬದಲಾಯಿತು. 2009ರ ಮಾದರಿಯಲ್ಲಿ ಆರ್ಕ್ಟಿಕ್ ಕ್ಯಾಟ್ ನಾಲ್ಕು ಹೊಡೆತದ ಟರ್ಬೊ ವಾಹನ ತಂದಿತು. 2017ರ ಮಾದರಿಯಾಗಿ ಯಮಾಹಾ 'ಸೈಡ್‌ವೈಂಡರ್' 200 ಅಶ್ವಶಕ್ತಿಯನ್ನು ಕಾರ್ಖಾನೆಯಿಂದಲೇ ಕೊಟ್ಟಿತು. 2020ರ ಮಾದರಿಯಲ್ಲಿ ಸ್ಕೀ-ಡೂ ಎರಡು ಹೊಡೆತದ ಎಂಜಿನ್ನಿಗೂ ಟರ್ಬೊ ಹಾಕಿ ವಾರಂಟಿ ಸಮೇತ ಮಾರಿತು. ಪೊಲಾರಿಸ್ ತನ್ನ 'ಪೇಟ್ರಿಯಟ್ ಬೂಸ್ಟ್' ಅನ್ನು 2022ರ ಮಾದರಿಯಾಗಿ ಹೊರತಂದಿತು. ಇದರ ಬೆನ್ನಿಗೇ ಮಾರುಕಟ್ಟೆಯೂ ಅಲುಗಾಡಿತು. ಹಿಮವಾಹನ ವ್ಯವಹಾರದಿಂದ ಹಿಂದೆ ಸರಿಯುವುದಾಗಿ 2023ರಲ್ಲಿ ಪ್ರಕಟಿಸಿದ ಯಮಾಹಾ, 2025ರ ಮಾದರಿಯೊಂದಿಗೆ ಉತ್ತರ ಅಮೆರಿಕದಲ್ಲಿ ಮಾರಾಟ ಮುಗಿಸಿತು. ಆರ್ಕ್ಟಿಕ್ ಕ್ಯಾಟ್‌ನ ಒಡೆಯರಾಗಿದ್ದ ಟೆಕ್ಸ್‌ಟ್ರಾನ್ 2024ರ ಕೊನೆಯಲ್ಲಿ ತಯಾರಿಕೆಗೆ ವಿರಾಮ ಘೋಷಿಸಿ, 2025ರಲ್ಲಿ ಕಂಪನಿಯನ್ನು ಕೈದಾಟಿಸಿತು.

ತಯಾರಕ ಕೈಬಿಟ್ಟ ವಾಹನಗಳು ಬೀದಿಪಾಲಾಗುವುದಿಲ್ಲ. ಅಪೆಕ್ಸ್, ನೈಟ್ರೊ, ಸೈಡ್‌ವೈಂಡರ್‌ಗಳು ಇನ್ನೂ ಹಲವು ವರ್ಷ ಓಡುತ್ತವೆ. ಅವುಗಳಿಗೆ ಕನೆಕ್ಟರ್, ಸೆನ್ಸರ್, ಹಾರ್ನೆಸ್ ಬೇಕಾಗುತ್ತವೆ. ಹೊಸ ಶಕ್ತಿ ಮಾರುವ ವ್ಯಾಪಾರ ಇಳಿಯುವಾಗ ಹಳೆಯದನ್ನು ನಡೆಸುವ ವ್ಯಾಪಾರ ಉಳಿಯುತ್ತದೆ. ಸಣ್ಣ ತಯಾರಕನಿಗೆ ಎರಡನೆಯದೇ ಹೆಚ್ಚು ಭದ್ರ ಎಂದು ನಮಗೆ ತೋರುತ್ತದೆ. ನಮ್ಮಲ್ಲಿಯೂ ಇದಕ್ಕೆ ಸಮಾನವಾದ ಕ್ಷೇತ್ರ ತೆರೆದಿದೆ. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಎಂದು ಆರಂಭವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯ ಸುತ್ತ ಇಂಧನ ವ್ಯವಸ್ಥೆಗಳನ್ನು ಬಲ್ಲ ಕುಶಲಕರ್ಮಿಗಳ ತಲೆಮಾರುಗಳೇ ಬೆಳೆದಿವೆ. 2020ರ ಏಪ್ರಿಲ್ 1ರಂದು ಬಿಎಸ್-6 ಮಾನಕ ಜಾರಿಯಾದ ಮೇಲೆ ದ್ವಿಚಕ್ರ ವಾಹನಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದಿದೆ. ಇಂಜೆಕ್ಟರ್ ಶುಚಿ ಮಾಡುವ ಯಂತ್ರ, ಒತ್ತಡ ಪರೀಕ್ಷಿಸುವ ಸಲಕರಣೆ, ಬದಲಿ ಹಾರ್ನೆಸ್ ಇವುಗಳ ಬೇಡಿಕೆ ತಾಲ್ಲೂಕು ಕೇಂದ್ರಗಳವರೆಗೂ ಇಳಿದಿದೆ.

ಹಿಮವಾಹನದ ಮಾರುಕಟ್ಟೆಗೇ ಕೈ ಹಾಕಬೇಕೆನ್ನುವವರು ಅಲ್ಲಿನ ಪಂಚಾಂಗವನ್ನು ಅರಿಯಬೇಕು. ಮಾರ್ಚ್-ಏಪ್ರಿಲ್‌ನಲ್ಲಿ ಗ್ರಾಹಕರು ಮುಂದಿನ ಚಳಿಗಾಲದ ವಾಹನಗಳಿಗೆ ಮುಂಗಡ ಕೊಡುತ್ತಾರೆ. ಸೆಪ್ಟೆಂಬರ್‌ನಲ್ಲಿ ಮಿನ್ನೆಸೋಟಾದಲ್ಲಿ 1967ರಿಂದ ನಡೆದುಬಂದ 'ಹೇ ಡೇಸ್' ಜಾತ್ರೆಯಲ್ಲಿ ಬಿಡಿಭಾಗಗಳ ಖರೀದಿ ಜೋರಾಗುತ್ತದೆ. ಮಾಲು ಆಗಸ್ಟ್‌ನೊಳಗೆ ಅಲ್ಲಿ ಇರಬೇಕು. ಹಣ ಪೂರ್ತಿ ಕೈಸೇರುವುದು ಹಿಮ ಬಿದ್ದ ಮೇಲೆ. ಹಿಮ ಕಡಿಮೆ ಬಿದ್ದ ವರ್ಷ ದಾಸ್ತಾನು ಹಾಗೆಯೇ ಉಳಿಯುತ್ತದೆ. ಉತ್ಪನ್ನ ಹೊಣೆಗಾರಿಕೆ ವಿಮೆ ಇಲ್ಲದೆ ಅಲ್ಲಿನ ವಿತರಕರ ಬಾಗಿಲು ತೆರೆಯುವುದು ಕಷ್ಟ. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಪರೀಕ್ಷಿಸಿದ ವರದಿ, ಕೈಗವಸು ತೊಟ್ಟೇ ಒತ್ತಬಹುದಾದ ಗುಂಡಿಗಳು, ಸವಾರನಿಗೆ ಅರ್ಥವಾಗುವ ಇಂಗ್ಲಿಷಿನ ಕೈಪಿಡಿ, ಇವನ್ನು ವಿತರಕ ಮೊದಲ ಭೇಟಿಯಲ್ಲೇ ಕೇಳಬಹುದು. ದೂರವಾಣಿ ಸಂಖ್ಯೆಯನ್ನಂತೂ ಕೇಳಿಯೇ ಕೇಳುತ್ತಾನೆ. ಹಿಮವಾಹನದವರು ಗುಡ್ಡ ಹತ್ತುವುದು ಹೆಚ್ಚಾಗಿ ಶನಿವಾರ. ಮೊಂಟಾನಾದಲ್ಲಿ ಚಳಿಗಾಲದ ಶನಿವಾರ ಬೆಳಗಿನ ಹತ್ತು ಗಂಟೆಯೆಂದರೆ ಬೆಂಗಳೂರಿನಲ್ಲಿ ಅದೇ ರಾತ್ರಿ ಹತ್ತೂವರೆ. ಆ ಹೊತ್ತಿಗೆ ಕರೆ ಸ್ವೀಕರಿಸಿ ಒತ್ತಡದ ಕೊಳವೆ ಎಲ್ಲಿ ಜೋತುಬಿದ್ದಿದೆ ಎಂದು ವಿಚಾರಿಸಬಲ್ಲವರೊಬ್ಬರು ಕಚೇರಿಯಲ್ಲಿರಬೇಕಾಗುತ್ತದೆ.